ಪಂಪ್ ಹಾಕಿದರೆ ಇಂಟರ್ನೆಟ್ ಹೋಗುತ್ತದೆ: ಮನೆಯ ಕಂಪ್ಯೂಟರಿನಲ್ಲಿ ಕಲಿತ ದೋಷ ಪತ್ತೆ

ನಮ್ಮ ಮನೆ ಮರವಂತೆಯಲ್ಲಿದೆ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಪ್ರವಾಸಿಗರಿಗೆ ಅದು ಗಾಡಿ ನಿಲ್ಲಿಸಿ ಫೋಟೊ ತೆಗೆಯುವ ಜಾಗ. ಅಲ್ಲಿ ವಾಸಿಸುವವರಿಗೆ ಉಪ್ಪು ಗಾಳಿಯ ಜಾಗ: ಕಿಟಕಿ ಸರಳು, ಸೈಕಲ್ ಚೈನು, ಗೇಟಿನ ಬೀಗ ಯಾವುದೂ ಎರಡು ಮಳೆಗಾಲ ಸರಿಯಾಗಿ ಬಾಳುವುದಿಲ್ಲ. ಹಾಗಾಗಿ ಕಳೆದ ಜೂನ್‌ನಲ್ಲಿ ನಮ್ಮ ಮನೆಯ ಇಂಟರ್ನೆಟ್ ದಿನಕ್ಕೆ ಎರಡು ಮೂರು ಸಲ ಹೋಗಿ ಬರಲು ಶುರುವಾದಾಗ ಎಲ್ಲರೂ ಹೇಳಿದ್ದು ಒಂದೇ ಮಾತು, "ಮಳೆಗಾಲ ಅಲ್ದಾ, ಹಾಂಗೇ."

ನಾನೂ ಹಾಗೇ ಅಂದುಕೊಂಡೆ. ಆದರೆ ತಂಗಿ ದ್ವಿತೀಯ ಪಿಯುಸಿ. ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಅವಳಿಗೆ 80 ನಿಮಿಷದ ಸಿಇಟಿ ಮಾದರಿ ಪರೀಕ್ಷೆ ಆನ್‌ಲೈನ್‌ನಲ್ಲಿ ಇರುತ್ತಿತ್ತು. ಸಂಪರ್ಕ ತಪ್ಪಿದರೂ ಗಡಿಯಾರ ನಿಲ್ಲುವುದಿಲ್ಲ. ಎರಡು ಶನಿವಾರ ಸತತವಾಗಿ ಪರೀಕ್ಷೆ ಅರ್ಧಕ್ಕೆ ನಿಂತಾಗ ಅವಳು ಕಂಪ್ಯೂಟರ್ ಮುಂದೆಯೇ ಅತ್ತಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಅಪ್ಪಯ್ಯ ಮನೆಯಲ್ಲೇ ಇದ್ದರು. ಆ ಎರಡು ತಿಂಗಳು ಮನೆಗೆ ಬರುವ ಹಣವೂ ಕಡಿಮೆ. "ತಿಂಗ್ಳಿಗೆ ದುಡ್ಡ್ ಕೊಟ್ಟ್ ಇದೆಂತಕೆ? ತೆಗ್ಸಿ ಬಿಡ್" ಎಂದರು. ಬಿ.ಎಡ್. ಎರಡನೇ ವರ್ಷದ ಶಾಲಾ ಇಂಟರ್ನ್‌ಶಿಪ್‌ಗೆ ನಾನು ಪಾಠಯೋಜನೆ, ಚಿತ್ರ, ವಿಡಿಯೊ ಎಲ್ಲ ತಯಾರಿಸಬೇಕಿದ್ದುದೂ ಅದೇ ಕಂಪ್ಯೂಟರಿನಲ್ಲಿ. ಜುಲೈ ಮುಗಿಯುವುದರೊಳಗೆ ಸರಿಮಾಡುತ್ತೇನೆ ಎಂದು ಒಪ್ಪಿಕೊಂಡೆ.

ಮೊದಲ ವಾರ ನಾನು ಮಾಡಿದ್ದೆಲ್ಲ ತಪ್ಪು. ಬಿಎಸ್ಸಿ ಓದಿದವಳು ಹೀಗೆ ಮಾಡಬಾರದಿತ್ತು ಎಂದು ಈಗ ಅನ್ನಿಸುತ್ತದೆ. ಕಂಪನಿಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ "ರಿಸ್ಟಾರ್ಟ್ ಮಾಡಿ ನೋಡಿ ಮೇಡಂ" ಎಂಬ ಉತ್ತರ. ಸಂಬಂಧಿಕರ ಹುಡುಗನೊಬ್ಬ ವಿಂಡೋಸ್ ಹೊಸದಾಗಿ ಹಾಕಿಕೊಟ್ಟ. ಮರುದಿನವೇ ಮತ್ತೆ ಸಂಪರ್ಕ ಹೋಯಿತು. ಸಿಟ್ಟಿನಲ್ಲಿ ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ರಿಸೆಟ್ ಮಾಡಿದೆ. ಅದು ದೊಡ್ಡ ತಪ್ಪು. ರಿಸ್ಟಾರ್ಟ್ ಬೇರೆ, ರಿಸೆಟ್ ಬೇರೆ. ರಿಸ್ಟಾರ್ಟ್ ಅಂದರೆ ಆರಿಸಿ ಹಚ್ಚುವುದು. ರಿಸೆಟ್ ಮಾಡಿದರೆ ಸಂಪರ್ಕಕ್ಕಾಗಿ ಅದರಲ್ಲಿ ತುಂಬಿಸಿಟ್ಟ ಬಳಕೆದಾರ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತದೆ. ಮತ್ತೆ ಅದನ್ನು ತುಂಬಿಸಿಕೊಳ್ಳಲು ಎರಡು ದಿನ ಬೇಕಾಯಿತು. ಹೋಗಿ ಬರುತ್ತಿದ್ದ ಇಂಟರ್ನೆಟ್ ಆ ಎರಡು ದಿನ ಬರಲೇ ಇಲ್ಲ.

ಆಗ ಅಪ್ಪಯ್ಯ ಹೇಳಿದ ಮಾತು ನನಗೆ ನಾಟಿತು. "ನಡುಗಡಲಲ್ಲಿ ಇಂಜಿನ್ ನಿಂತ್ರೆ ಮೊದ್ಲ್ ಡೀಸೆಲ್ ಬತ್ತಾ ಇತ್ತಾ ಕಾಣ್ಕ್. ಸೀದಾ ಇಂಜಿನ್ ಬಿಚ್ಚುದಲ್ಲ." ಟ್ಯಾಂಕಿನಿಂದ ಫಿಲ್ಟರ್, ಫಿಲ್ಟರಿನಿಂದ ಪಂಪ್, ಪಂಪಿನಿಂದ ಇಂಜಿನ್, ಎಲ್ಲಿಯವರೆಗೆ ಬರುತ್ತಿದೆ, ಎಲ್ಲಿ ನಿಂತಿದೆ ಎಂದು ಸಾಲಾಗಿ ನೋಡುತ್ತಾರೆ. ನಮ್ಮ ಇಂಟರ್ನೆಟ್ಟೂ ಅಂಥದೇ ಸಾಲು. ಹೊರಗಿನಿಂದ ಬರುವ ಫೈಬರ್ ತಂತಿ, ಅದು ಸೇರುವ ರೂಟರ್ ಪೆಟ್ಟಿಗೆ, ರೂಟರಿಗೆ ಕರೆಂಟ್ ಕೊಡುವ ಅಡಾಪ್ಟರ್, ರೂಟರಿನಿಂದ ಕಂಪ್ಯೂಟರಿಗೆ ವೈಫೈ, ಕಂಪ್ಯೂಟರಿನಲ್ಲಿ ಅದನ್ನು ಹಿಡಿಯುವ ಸಣ್ಣ ಯುಎಸ್‌ಬಿ ಸಾಧನ. ಇವುಗಳಲ್ಲಿ ಯಾವುದು ತಪ್ಪಿದರೂ ಪರದೆಯ ಮೇಲೆ ಕಾಣುವುದು ಒಂದೇ: "ಇಂಟರ್ನೆಟ್ ಇಲ್ಲ."

ಮೊದಲ ಪ್ರಶ್ನೆ ಬಹಳ ಸರಳ. ತಪ್ಪಿದ್ದು ಕಂಪ್ಯೂಟರಿಗೆ ಮಾತ್ರವೋ, ಇಡೀ ಮನೆಗೋ? ಅದೇ ವೈಫೈಗೆ ಸೇರಿಸಿದ ಮೊಬೈಲನ್ನು ನೋಡಿದರೆ ಗೊತ್ತಾಗುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ವೈಫೈಯಲ್ಲಿ ಇಂಟರ್ನೆಟ್ ಬಾರದಿದ್ದರೆ ಮೊಬೈಲ್ ನಮಗೆ ಹೇಳದೆ ತನ್ನ ಡೇಟಾಕ್ಕೆ ಹಾರಿಬಿಡುತ್ತದೆ. ನಾನು ನಾಲ್ಕು ದಿನ "ಮೊಬೈಲಿನಲ್ಲಿ ಬರುತ್ತಿದೆಯಲ್ಲ" ಎಂದು ಕಂಪ್ಯೂಟರನ್ನೇ ಬೈಯುತ್ತಿದ್ದೆ. ಮೊಬೈಲ್ ಡೇಟಾ ಆರಿಸಿಟ್ಟು ನೋಡಿದ ದಿನವೇ ಗೊತ್ತಾಯಿತು, ಕೆಲವು ಸಲ ಇಡೀ ಮನೆಗೇ ಇಲ್ಲ, ಕೆಲವು ಸಲ ಕಂಪ್ಯೂಟರಿಗೆ ಮಾತ್ರ ಇಲ್ಲ. ಅಂದರೆ ರೋಗ ಒಂದಲ್ಲ.

ಎರಡನೆಯ ಉಪಕರಣ ಪಿಂಗ್. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಎಂದು ಬರೆದು ಒಂದು ವಿಳಾಸ ಕೊಟ್ಟರೆ ಕಂಪ್ಯೂಟರ್ ಆ ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ, ಉತ್ತರ ಎಷ್ಟು ಹೊತ್ತಿಗೆ ಬಂತು ಎಂದು ಮಿಲಿಸೆಕೆಂಡಿನಲ್ಲಿ ಹೇಳುತ್ತದೆ. ಇದನ್ನು 1983ರಲ್ಲಿ ಅಮೆರಿಕದ ಮೈಕ್ ಮೂಸ್ ಬರೆದರು. ಜಲಾಂತರ್ಗಾಮಿಗಳ ಸೋನಾರ್ ಹೊರಡಿಸುವ ಶಬ್ದದಿಂದ ಅದಕ್ಕೆ ಆ ಹೆಸರು ಇಟ್ಟರು. ಈ ವಿಷಯ ಅಪ್ಪಯ್ಯನಿಗೆ ಹೇಳಿದಾಗ ನನಗಿಂತ ಬೇಗ ಅವರಿಗೆ ಅರ್ಥವಾಯಿತು. ಬೋಟಿನ ಫಿಶ್ ಫೈಂಡರ್ ಮಾಡುವುದೂ ಇದನ್ನೇ: ಕೆಳಗೆ ಶಬ್ದ ಕಳಿಸುವುದು, ಪ್ರತಿಧ್ವನಿಗೆ ಕಾಯುವುದು. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. 30 ಮೀಟರ್ ಆಳವಿದ್ದರೆ ಹೋಗಿ ಬರಲು 60 ಮೀಟರ್, ಅಂದರೆ 40 ಮಿಲಿಸೆಕೆಂಡ್. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. 400 ಕಿಲೋಮೀಟರ್ ದೂರಕ್ಕೆ ಹೋಗಿ ಬರಲು ಬೆಳಕಿಗೆ 4 ಮಿಲಿಸೆಕೆಂಡ್ ಸಾಕು. ದಾರಿಯಲ್ಲಿರುವ ಯಂತ್ರಗಳ ತಡ ಸೇರಿ ನಮ್ಮ ಮನೆಯಲ್ಲಿ 20, 30 ಎಂದು ತೋರಿಸುತ್ತದೆ. ಕರಾವಳಿಯ ಶಾಲೆಯಲ್ಲಿ ಶಬ್ದದ ಪ್ರತಿಫಲನ ಪಾಠ ಮಾಡುವವರು ಈ ಲೆಕ್ಕವನ್ನು ಧಾರಾಳವಾಗಿ ಬಳಸಬಹುದು; ಮಕ್ಕಳಲ್ಲಿ ಹಲವರು ಫಿಶ್ ಫೈಂಡರ್ ಕಣ್ಣಾರೆ ಕಂಡಿರುತ್ತಾರೆ.

ಪಿಂಗ್‌ನ ಬಲ ಇರುವುದು ಅದನ್ನು ಹತ್ತಿರದಿಂದ ದೂರಕ್ಕೆ ಕ್ರಮವಾಗಿ ಕಳಿಸುವುದರಲ್ಲಿ. 127.0.0.1 ಎಂದರೆ ಕಂಪ್ಯೂಟರ್ ತನ್ನನ್ನು ತಾನೇ ಕರೆದುಕೊಳ್ಳುವುದು. ಅದಕ್ಕೇ ಉತ್ತರ ಇಲ್ಲದಿದ್ದರೆ ತೊಂದರೆ ಕಂಪ್ಯೂಟರಿನ ಒಳಗಿನದು. ಆಮೇಲೆ ರೂಟರ್. ನಮ್ಮದರ ವಿಳಾಸ 192.168.1.1, ನಿಮ್ಮದು ಬೇರೆ ಇರಬಹುದು, ಐಪಿಕಾನ್ಫಿಗ್ ಎಂದು ಬರೆದರೆ ಡಿಫಾಲ್ಟ್ ಗೇಟ್‌ವೇ ಎಂಬ ಸಾಲಿನಲ್ಲಿ ಸಿಗುತ್ತದೆ. ಅದಾದ ಮೇಲೆ ಹೊರಜಗತ್ತಿನ ಒಂದು ವಿಳಾಸ, ಗೂಗಲ್‌ನ 8.8.8.8. ಕೊನೆಗೆ ಸಂಖ್ಯೆಯ ಬದಲು ಯಾವುದಾದರೂ ಜಾಲತಾಣದ ಹೆಸರು. ರೂಟರಿನವರೆಗೆ ಉತ್ತರ ಬಂದು 8.8.8.8ಕ್ಕೆ ಬಾರದಿದ್ದರೆ ತೊಂದರೆ ರೂಟರಿನಿಂದ ಆಚೆ. ಸಂಖ್ಯೆಗೆ ಬಂದು ಹೆಸರಿಗೆ ಬಾರದಿದ್ದರೆ ಹೆಸರನ್ನು ಸಂಖ್ಯೆಗೆ ಬದಲಿಸುವ ಡಿಎನ್‌ಎಸ್ ವ್ಯವಸ್ಥೆಯದು. ರೂಟರಿನವರೆಗೂ ಹೋಗದಿದ್ದರೆ ಮನೆಯೊಳಗಿನದೇ. ಆಗ ಐಪಿಕಾನ್ಫಿಗ್‌ನಲ್ಲಿ ಕಂಪ್ಯೂಟರಿನ ವಿಳಾಸ 169.254 ಎಂದು ಶುರುವಾಗಿದ್ದರೆ, ರೂಟರ್ ವಿಳಾಸ ಕೊಡಲಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಕೆಲವು ಯಂತ್ರಗಳು ಪಿಂಗ್‌ಗೆ ಉತ್ತರಿಸದಂತೆ ಮಾಡಿರುತ್ತಾರೆ, ಆದ್ದರಿಂದ ಎಲ್ಲ ಸರಿ ಇರುವ ಹೊತ್ತಿನಲ್ಲಿ ಒಮ್ಮೆ ಪರೀಕ್ಷಿಸಿ ಇಟ್ಟುಕೊಳ್ಳಬೇಕು. ಪೂರ್ವ ಪರೀಕ್ಷೆ ಇಲ್ಲದೆ ಉತ್ತರ ಪರೀಕ್ಷೆಗೆ ಬೆಲೆ ಇಲ್ಲ ಎಂದು ನಮಗೆ ಕಾಲೇಜಿನಲ್ಲಿ ಹೇಳಿದ್ದು ಇಲ್ಲಿಯೂ ನಿಜ.

ಪಾಠಯೋಜನೆ ಬರೆಯುವ ಹಳೆಯ ಪುಸ್ತಕದ ಕೊನೆಯ ಹಾಳೆಗಳಲ್ಲಿ ಐದು ಕಾಲಂ ಎಳೆದೆ. ದಿನ ಮತ್ತು ಹೊತ್ತು, ಮೊಬೈಲಿನಲ್ಲಿ ಇದೆಯೇ, ರೂಟರಿನ ಯಾವ ದೀಪ ಹೇಗಿದೆ, ಪಿಂಗ್ ಎಲ್ಲಿ ನಿಂತಿತು, ಆ ಹೊತ್ತಿಗೆ ಮನೆಯಲ್ಲಿ ಏನು ನಡೆಯುತ್ತಿತ್ತು. ಕೊನೆಯ ಕಾಲಂ ಹಾಕಿದ್ದು ಬರೀ ಅಭ್ಯಾಸಬಲದಿಂದ. ಮಗುವಿನ ಘಟನಾ ದಾಖಲೆ ಬರೆಯುವಾಗ ಸನ್ನಿವೇಶವನ್ನೂ ಬರೆಯಿರಿ ಎನ್ನುತ್ತಾರಲ್ಲ, ಹಾಗೆ. ನಾನು ಶಾಲೆಗೆ ಹೋದಾಗ ಅಮ್ಮ ಬರೆಯುತ್ತಿದ್ದರು. 11 ದಿನದಲ್ಲಿ 23 ಸಾಲು ಆಯಿತು.

ಸಾಲುಗಳನ್ನು ವಿಂಗಡಿಸಿದಾಗ ಮೂರು ಗುಂಪು ಬಂತು. 9 ಸಲ ಮೊಬೈಲಿನಲ್ಲಿ ಇತ್ತು, ಕಂಪ್ಯೂಟರಿನಲ್ಲಿ ಮಾತ್ರ ಇರಲಿಲ್ಲ. 12 ಸಲ ರೂಟರಿನ ಎಲ್ಲ ದೀಪ ಒಮ್ಮೆಲೇ ಆರಿ, ಒಂದೊಂದಾಗಿ ಮತ್ತೆ ಹೊತ್ತಿ, ಎರಡು ಮೂರು ನಿಮಿಷದ ಮೇಲೆ ಸಂಪರ್ಕ ಬಂದಿತ್ತು. 2 ಸಲ ದೀಪಗಳೆಲ್ಲ ಇದ್ದು ಒಂದು ಕೆಂಪು ದೀಪ ಮಿನುಗುತ್ತಿತ್ತು.

12ರ ಗುಂಪಿನ ಕೊನೆಯ ಕಾಲಂ ಓದಿದಾಗ ನಾನು ಅಡುಗೆಮನೆಗೆ ಓಡಿದೆ. 10 ಕಡೆ ಅಮ್ಮ ಬರೆದದ್ದು ಒಂದೇ: "ಪಂಪ್ ಹಾಕಿದ್ದೆ." ಬೆಳಿಗ್ಗೆ ಆರೂಕಾಲರಿಂದ ಆರೂಮುಕ್ಕಾಲರೊಳಗೆ, ಸಂಜೆ ನಾಲ್ಕೂವರೆ ಸುಮಾರಿಗೆ. ಬಾವಿಯ ನೀರು ಟ್ಯಾಂಕಿಗೆ ಏರಿಸುವ ಹೊತ್ತು. ತಂಗಿಯ ಶನಿವಾರದ ಪರೀಕ್ಷೆಯ ಹೊತ್ತೂ ಅದೇ.

ಆದರೂ ಇದು ಇನ್ನೂ ಊಹೆ. ಬೆಳಿಗ್ಗೆ 11ಕ್ಕೆ, ಪಂಪ್ ಹಾಕುವ ಹೊತ್ತಲ್ಲದ ಹೊತ್ತಿನಲ್ಲಿ, ನಾನು ರೂಟರ್ ಮುಂದೆ ಕುಳಿತು ಅಮ್ಮನಿಗೆ ಪಂಪ್ ಹಾಕಲು ಹೇಳಿದೆ. ಏನೂ ಆಗಲಿಲ್ಲ. ಎರಡನೇ ಸಲ ದೀಪ ಆರಿತು. ಐದು ಸಲ ಮಾಡಿದ್ದರಲ್ಲಿ ಮೂರು ಸಲ ಆರಿತು. ಒಂದೇ ಸಲ ನೋಡಿ ಬಿಟ್ಟಿದ್ದರೆ ಸರಿಯಾದ ಕಾರಣವನ್ನೇ ಕೈಬಿಡುತ್ತಿದ್ದೆ.

ಹೀಗೇಕೆ ಆಗುತ್ತದೆ ಎಂಬುದು ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠದಲ್ಲೇ ಇದೆ. ಮೋಟಾರು ತಿರುಗಲು ಶುರುಮಾಡುವ ಕ್ಷಣದಲ್ಲಿ, ಓಡುವಾಗ ಎಳೆಯುವುದಕ್ಕಿಂತ ಸುಮಾರು ಐದಾರು ಪಟ್ಟು ಪ್ರವಾಹ ಎಳೆಯುತ್ತದೆ. ಓಡುವಾಗ 6 ಆಂಪಿಯರ್ ಎಂದಿಟ್ಟುಕೊಂಡರೆ ಶುರುವಿನಲ್ಲಿ 30. ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರಿನ ರೋಧ ಎರಡೂ ತಂತಿ ಸೇರಿ 1 ಓಮ್ ಎಂದುಕೊಳ್ಳೋಣ. ಓಮ್‌ನ ನಿಯಮದಂತೆ ತಂತಿಯಲ್ಲೇ 30 ವೋಲ್ಟ್ ಕಳೆದುಹೋಗುತ್ತದೆ. ಕಂಬದಲ್ಲಿ 230 ಇದ್ದರೆ ಮನೆಯೊಳಗೆ 200. ಕಂಬದಲ್ಲೇ 190 ಇರುವ ದಿನವಾದರೆ 160. ಆ ದಿನದ ವೋಲ್ಟೇಜಿನ ಮೇಲೆ ಹೋಗುವುದರಿಂದಲೇ ಐದರಲ್ಲಿ ಮೂರು ಸಲ ಮಾತ್ರ ಆರಿದ್ದು.

ನಮ್ಮ ಅಜ್ಜಿಯ ಕಾಲದಲ್ಲಿ ಇದು ಯಾರಿಗಾದರೂ ಗೊತ್ತಾಗುತ್ತಿತ್ತು, ಏಕೆಂದರೆ ಪಂಪ್ ಹಾಕಿದಾಗ ತಂತಿಯ ಬಲ್ಬು ಮಂಕಾಗುತ್ತಿತ್ತು. ಈಗಿನ ಎಲ್‌ಇಡಿ ಬಲ್ಬಿನ ಒಳಗೆ ವೋಲ್ಟೇಜ್ ಏರಿಳಿತವನ್ನು ಸರಿದೂಗಿಸುವ ಸರ್ಕ್ಯೂಟ್ ಇರುವುದರಿಂದ ಅದು ಸಾಮಾನ್ಯವಾಗಿ ಕದಲುವುದಿಲ್ಲ. ಮನೆಯಲ್ಲಿ ವೋಲ್ಟೇಜ್ ಕುಸಿಯುವುದನ್ನು ತೋರಿಸುತ್ತಿದ್ದ ಮೀಟರೊಂದು ಹೀಗೆ ನಮಗೆ ತಿಳಿಯದೆ ಹೋಗಿಬಿಟ್ಟಿದೆ.

ಇಷ್ಟಾದರೂ ಲೆಕ್ಕ ಪೂರ್ತಿ ಕೂಡಲಿಲ್ಲ. ರೂಟರಿನ ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದೆ. 160ಕ್ಕೆ ಇಳಿದರೂ ಅದು ತಡೆದುಕೊಳ್ಳಬೇಕು. ಹಾಗಾದರೆ ಅಡಾಪ್ಟರೇ ಸೊರಗಿರಬೇಕು, ಇಲ್ಲವೇ ಅದರ ಪಿನ್ನು ಸರಿಯಾಗಿ ಕೂರುತ್ತಿಲ್ಲ. ಪಿನ್ನು ತೆಗೆದು ನೋಡಿದರೆ ಲೋಹದ ಮೇಲೆ ಹಸಿರು ಹುಡಿ. ಲೋಹಗಳ ನಶಿಸುವಿಕೆ ಪಾಠದಲ್ಲಿ ತಾಮ್ರದ ಮೇಲೆ ಹಸಿರು ಪದರ ಎಂದು ಓದಿಸುತ್ತೇವಲ್ಲ, ಅದರದೇ ಬಳಗ. ನಮ್ಮಲ್ಲಿ ಗಾಳಿಯ ಉಪ್ಪು ಅದನ್ನು ಬೇಗ ಮಾಡಿಸುತ್ತದೆ. ಕರೆಂಟ್ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ ಹಾಕಿದೆ. ಮತ್ತೆ ಐದು ಸಲ ಪಂಪ್. ಮತ್ತೆ ಮೂರು ಸಲ ಆರಿತು. ಹಸಿರು ಹುಡಿ ನೋಡಿ "ಸಿಕ್ಕಿತು" ಎಂದು ಸಂಭ್ರಮಿಸಿದ್ದು ವ್ಯರ್ಥ.

ಒಮ್ಮೆಗೆ ಒಂದನ್ನೇ ಬದಲಿಸಬೇಕು ಎಂಬುದಕ್ಕೆ ಇಲ್ಲಿ ಬೆಲೆ ಬಂತು. ಹುಡಿ ಒರೆಸಿದ ದಿನವೇ ಅಡಾಪ್ಟರೂ ಬದಲಿಸಿದ್ದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುತ್ತಿರಲಿಲ್ಲ. ಮರುದಿನ ದೊಡ್ಡಪ್ಪನ ಮನೆಯ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ತಂದು ಹಾಕಿದೆ. ಹೀಗೆ ಬೇರೆಯದನ್ನು ಹಾಕುವಾಗ ವೋಲ್ಟ್ ಒಂದೇ ಇರಬೇಕು (ನಮ್ಮದು 12), ಆಂಪಿಯರ್ ಸಮ ಅಥವಾ ಹೆಚ್ಚು ಇರಬೇಕು, ಪಿನ್ನಿನ ಗಾತ್ರವೂ ಧನ ಋಣ ಗುರುತೂ ಹೊಂದಬೇಕು. ಹತ್ತು ಸಲ ಪಂಪ್ ಹಾಕಿಸಿದೆ. ಹತ್ತು ಸಲವೂ ದೀಪ ನಿಂತಿತ್ತು. ಅಮ್ಮನಿಗೆ ಸಾಕಾಗಿ ಟ್ಯಾಂಕ್ ತುಂಬಿ ಹರಿಯಿತು. ಹೊಸ ಅಡಾಪ್ಟರ್‌ಗೆ ಆದ ಖರ್ಚು 250 ರೂಪಾಯಿ. ಹಳೆಯದರ ಒಳಗೆ, ಕರೆಂಟ್ ಕುಸಿದ ಕ್ಷಣದಲ್ಲಿ ಆಸರೆಯಾಗಬೇಕಾದ ಕೆಪಾಸಿಟರ್ ವಯಸ್ಸಾಗಿ ಬತ್ತಿರಬೇಕು. ಬಿಚ್ಚಿ ನೋಡಲಿಲ್ಲ, ನೀವೂ ಬಿಚ್ಚಬೇಡಿ; ಪ್ಲಗ್ ತೆಗೆದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು.

12ರಲ್ಲಿ ಉಳಿದ ಎರಡರಲ್ಲಿ ಒಂದು ಕರೆಂಟ್ ಹೋಗಿ ಬಂದದ್ದು. ಇನ್ನೊಂದರ ಮುಂದೆ ಅಮ್ಮ "ಏನೂ ಇಲ್ಲ" ಎಂದು ಬರೆದಿದ್ದಾರೆ. ಅದು ಹಾಗೆಯೇ ಇದೆ.

ಕಂಪ್ಯೂಟರಿಗೆ ಮಾತ್ರ ತಪ್ಪುತ್ತಿದ್ದ 9 ಸಲದ್ದು ಬೇರೆ ಕಥೆ. ಅವೆಲ್ಲ ಏನನ್ನೋ ಓದುತ್ತ ಹತ್ತು ನಿಮಿಷ ಸುಮ್ಮನೆ ಕುಳಿತ ಮೇಲೆ ಆದವು. ವಿಂಡೋಸ್ ಶಕ್ತಿ ಉಳಿಸಲೆಂದು ವೈಫೈ ಸಾಧನವನ್ನು ಮಲಗಿಸುತ್ತಿತ್ತು, ಅದು ಸರಿಯಾಗಿ ಏಳುತ್ತಿರಲಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ಆ ಸಾಧನದ ಪ್ರಾಪರ್ಟೀಸ್ ತೆರೆದರೆ ಪವರ್ ಮ್ಯಾನೇಜ್‌ಮೆಂಟ್ ಎಂಬ ಹಾಳೆ ಇದೆ. ಶಕ್ತಿ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬಲ್ಲಿನ ಗುರುತು ತೆಗೆದೆ. ಮುಂದಿನ 11 ದಿನದಲ್ಲಿ 9 ಇದ್ದದ್ದು 3 ಆಯಿತು. ಉಳಿದ ಮೂರು ದುರ್ಬಲ ಸಿಗ್ನಲ್‌ನಿಂದ. ರೂಟರ್ ಜಗಲಿಯಲ್ಲಿ, ಕಂಪ್ಯೂಟರ್ ಒಳಕೋಣೆಯಲ್ಲಿ, ನಡುವೆ ಮುರಕಲ್ಲಿನ ದಪ್ಪ ಗೋಡೆ. ಸಾಲದ್ದಕ್ಕೆ ವೈಫೈ ಸಾಧನ ಸಿಪಿಯು ಪೆಟ್ಟಿಗೆಯ ಹಿಂದೆ, ತಗಡಿನ ಮರೆಯಲ್ಲಿ. ಗೋಡೆಯ ಮೇಲಿನಿಂದ 15 ಮೀಟರ್ ಲ್ಯಾನ್ ಕೇಬಲ್ ಎಳೆದು ನೇರ ಜೋಡಿಸಿದೆ. ಲ್ಯಾನ್ ಕೇಬಲ್ 100 ಮೀಟರ್ ತನಕ ನಡೆಯುತ್ತದೆ, ಆದ್ದರಿಂದ ಮನೆಯೊಳಗೆ ಉದ್ದದ ಚಿಂತೆ ಬೇಡ. ಮೇಜಿನ ಮೇಲಿರುವ ಕಂಪ್ಯೂಟರಿಗೆ ವೈಫೈ ಏಕೆ ಬೇಕಿತ್ತು ಎಂದು ಈಗ ನಗು ಬರುತ್ತದೆ.

ಕೆಂಪು ದೀಪದ ಎರಡು ಸಲ ನಮ್ಮ ಕೈಯಲ್ಲಿ ಇರಲಿಲ್ಲ. ಲಾಸ್ ಎಂದು ಬರೆದ ಆ ದೀಪ ಹೊತ್ತಿದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಈ ಸಲ ಕಂಪನಿಗೆ ಫೋನ್ ಮಾಡಿ "ಇಂಟರ್ನೆಟ್ ಹೋಗುತ್ತದೆ" ಎನ್ನಲಿಲ್ಲ. "ಗಾಳಿ ಬೀಸಿದಾಗ ಲಾಸ್ ದೀಪ ಮಿನುಗುತ್ತದೆ, ಇಂಥ ದಿನ ಇಂಥ ಹೊತ್ತು" ಎಂದೆ. ಮರುದಿನವೇ ಜನ ಬಂದರು. ತೆಂಗಿನ ಮರಕ್ಕೆ ಕಟ್ಟಿದಲ್ಲಿ ಫೈಬರ್ ಬಿಗಿಯಾಗಿ ಬಾಗಿತ್ತು. ಅತಿಯಾಗಿ ಬಾಗಿದರೆ ಬೆಳಕು ಒಳಗೇ ಪ್ರತಿಫಲಿಸದೆ ಹೊರಕ್ಕೆ ಸೋರುತ್ತದೆ. ಅವರ ಮೀಟರಿನಲ್ಲಿ ಮೈನಸ್ 29 ಡಿಬಿಎಂ ಇದ್ದದ್ದು ಬಾಗು ಬಿಡಿಸಿ ತುದಿ ಹೊಸದಾಗಿ ಕಟ್ಟಿದ ಮೇಲೆ ಮೈನಸ್ 21 ಆಯಿತು. 10 ಡೆಸಿಬೆಲ್‌ಗೆ ಹತ್ತು ಪಟ್ಟು ಎಂಬ ಲೆಕ್ಕದಲ್ಲಿ 8 ಡೆಸಿಬೆಲ್ ಅಂದರೆ ಬೆಳಕು ಆರು ಪಟ್ಟಿಗಿಂತ ಹೆಚ್ಚಾಯಿತು. ಇಂಥ ಮನೆ ಸಂಪರ್ಕಗಳಲ್ಲಿ ಸಾಮಾನ್ಯವಾಗಿ ಮೈನಸ್ 27ಕ್ಕಿಂತ ಕೆಳಗಿಳಿದರೆ ನಂಬುವಂತಿಲ್ಲ. ಅಂದರೆ ಮಿಲಿವ್ಯಾಟಿನ ಐನೂರನೇ ಒಂದು ಭಾಗದಷ್ಟು ಬೆಳಕಿದ್ದರೂ ಕೆಲಸ ನಡೆಯುತ್ತದೆ. ಗಾಜಿನ ಎಳೆಯಲ್ಲಿ ದೂರಕ್ಕೆ ಸುದ್ದಿ ಕಳಿಸಬಹುದೆಂದು 1966ರಲ್ಲಿ ತೋರಿಸಿದ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆ ಬೆಳಕು ಕಣ್ಣಿಗೆ ಕಾಣದ ಅವರೋಹಿತ, ಆದ್ದರಿಂದ ಬಿಚ್ಚಿದ ಫೈಬರಿನ ತುದಿಯನ್ನು ಕಣ್ಣೆದುರು ಹಿಡಿದು ನೋಡಬಾರದು ಎಂದು ಮಕ್ಕಳಿಗೆ ಹೇಳಲೇಬೇಕು.

ಜುಲೈ ಕೊನೆಯ ವಾರ ಇಂಟರ್ನ್‌ಶಿಪ್ ಶಾಲೆಯಲ್ಲಿ ಹತ್ತನೇ ತರಗತಿಗೆ ಓಮ್‌ನ ನಿಯಮದ ಪಾಠ ನನಗೆ ಬಂತು. ಪ್ರಚೋದನೆಗೆ ಬ್ಯಾಟರಿ ಬಲ್ಬು ಬಿಟ್ಟು ಅಮ್ಮನ ಐದನೇ ಕಾಲಂ ಓದಿದೆ. "ಪಂಪ್ ಹಾಕಿದಾಗ ನಿಮ್ಮ ಮನೆಯಲ್ಲಿ ಏನಾಗುತ್ತದೆ?" ಎಂದರೆ ಫ್ಯಾನ್ ನಿಧಾನವಾಗುತ್ತದೆ, ಟಿವಿ ಒಮ್ಮೆ ಹೋಗಿ ಬರುತ್ತದೆ ಎಂದು ಆರೇಳು ಕೈ ಎದ್ದವು. 230ರಿಂದ 200 ಬರುವ ಲೆಕ್ಕವನ್ನು ಅವರೇ ಹೇಳಿದರು. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಹಾಳೆಯಲ್ಲಿ "ಉದಾಹರಣೆ ಚೆನ್ನಾಗಿದೆ, ಕಪ್ಪುಹಲಗೆ ಬರವಣಿಗೆ ಓರೆ" ಎಂದು ಬರೆದರು. ಎರಡೂ ಸತ್ಯ.

ಆದರೆ ಅದೇ ಪಾಠದ ಕಿರುಪರೀಕ್ಷೆಯಲ್ಲಿ ಒಬ್ಬ ಹುಡುಗ ಐದೂ ಲೆಕ್ಕ ತಪ್ಪಿದ್ದ. ನೈದಾನಿಕ ಪರೀಕ್ಷೆಯ ವರದಿಯಲ್ಲಿ ನಾನು "ಸೂತ್ರ ಕಲಿತಿಲ್ಲ, ಗಮನ ಸಾಲದು" ಎಂದು ಬರೆದು, ಪರಿಹಾರ ಬೋಧನೆ ಎಂಬಲ್ಲಿ "ಪಾಠವನ್ನು ಪುನಃ ವಿವರಿಸಲಾಯಿತು" ಎಂದು ತುಂಬಿಸಿದ್ದೆ. ರಾತ್ರಿ ಮನೆಯಲ್ಲಿ ಓದಿಕೊಂಡಾಗ ನಾಚಿಕೆಯಾಯಿತು. ಇದು "ರಿಸ್ಟಾರ್ಟ್ ಮಾಡಿ ನೋಡಿ ಮೇಡಂ" ಎಂಬುದೇ ಅಲ್ಲವೇ? ಮರುದಿನ ಅವನಿಗೆ ಹತ್ತಿರದಿಂದ ದೂರಕ್ಕೆ ನಾಲ್ಕು ಸಣ್ಣ ಪ್ರಶ್ನೆ ಕೊಟ್ಟೆ. ಸೂತ್ರ ಹೇಳು, ಹೇಳಿದ. ಪ್ರವಾಹ 2, ರೋಧ 5 ಆದರೆ ವಿಭವಾಂತರ ಎಷ್ಟು, ಸರಿ. ವಿಭವಾಂತರ 10, ರೋಧ 5 ಆದರೆ ಪ್ರವಾಹ ಎಷ್ಟು, ಅದೂ ಸರಿ. ವಿಭವಾಂತರ 3, ರೋಧ 12 ಎಂದಾಗ ನಿಂತ. ಚಿಕ್ಕ ಸಂಖ್ಯೆಯನ್ನು ದೊಡ್ಡದರಿಂದ ಭಾಗಿಸಲು ಅವನಿಗೆ ಬರುತ್ತಿರಲಿಲ್ಲ. ಪರೀಕ್ಷೆಯ ಐದೂ ಲೆಕ್ಕಗಳಲ್ಲಿ ಉತ್ತರ ದಶಮಾಂಶದಲ್ಲಿತ್ತು. ಅವನಿಗೆ ಬೇಕಾದದ್ದು ಓಮ್‌ನ ನಿಯಮವಲ್ಲ, ಆರನೇ ತರಗತಿಯ ಒಂದು ಲೆಕ್ಕ. ಮೂರು ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕುಳಿತೆವು. ವರದಿಯ ಆ ಹಾಳೆಯನ್ನು ಹರಿದು ಹೊಸದಾಗಿ ಬರೆದೆ. ಹರಿದದ್ದಕ್ಕೆ ಕಾರಣವನ್ನೂ ಬರೆದಿದ್ದೇನೆ.

ಆಗಸ್ಟ್ 1ರ ನಂತರ ಅಪ್ಪಯ್ಯ ಮತ್ತೆ ಬೋಟಿಗೆ ಹೋಗುತ್ತಿದ್ದಾರೆ. ಸಂಪರ್ಕ ತೆಗೆಸುವ ಮಾತು ಆಮೇಲೆ ಬಂದಿಲ್ಲ. ತಂಗಿಯ ಶನಿವಾರದ ಪರೀಕ್ಷೆ ಆರು ವಾರದಿಂದ ಪೂರ್ತಿಯಾಗಿ ನಡೆದಿದೆ. ಅಂಕದ ಬಗ್ಗೆ ಅವಳನ್ನೇ ಕೇಳಬೇಕು. ಪುಸ್ತಕ ಈಗಲೂ ರೂಟರ್ ಪಕ್ಕದಲ್ಲಿದೆ. ಅದರಲ್ಲಿ ಹೊಸದೊಂದು ತೊಂದರೆ ಸೇರಿದೆ: ರಾತ್ರಿ ಎಂಟರಿಂದ ಹತ್ತರವರೆಗೆ ಸಂಪರ್ಕ ಹೋಗುವುದಿಲ್ಲ, ಆದರೆ ಪಿಂಗ್ 25ರಿಂದ 200 ದಾಟುತ್ತದೆ. ರೂಟರಿನವರೆಗೆ 1 ಮಿಲಿಸೆಕೆಂಡೇ ಇದೆ, ಆದ್ದರಿಂದ ಅದು ಮನೆಯೊಳಗಿನದಲ್ಲ. ಇನ್ನೂ ಎಂಟು ಸಾಲು ಮಾತ್ರ ಬರೆದಿದ್ದೇವೆ.